ಹುಂಜ ಪುಕ್ಕಟೆ ಕೊಡುವ ಮುಂಚೆ ಇದನ್ನು ಓದಿ

ಹಿತ್ತಲಲ್ಲಿ ಕೋಳಿ ಸಾಕಿದವರಿಗೆ, ಅದರಲ್ಲೂ ಈಗಷ್ಟೇ ಹೇಂಟೆಯನ್ನು ಕಾವಿಗೆ ಕೂರಿಸಿದವರಿಗೆ ಈ ಮಾತು. ಹೆಚ್ಚಾದ ಹುಂಜಗಳನ್ನು ‘ಯಾರಾದರೂ ಸಾಕಿಕೊಳ್ಳಲಿ ಬಿಡು’ ಅಂತ ಗುರುತಿಲ್ಲದವರ ಕೈಗೆ ಕೊಡಬೇಡಿ. ನಾನು ಕೊಟ್ಟೆ. ಆರು ಹುಂಜ ಹೋದವು. ಅವುಗಳ ಹಿಂದೆ ಒಂಬತ್ತು ಹೇಂಟೆಗಳೂ ಹೋದವು.

ನಮ್ಮದು ಬಾಗಲಕೋಟೆಯ ನವನಗರ. ಹಳೆ ಊರಿನ ಮನೆ ಆಲಮಟ್ಟಿ ಹಿನ್ನೀರಿಗೆ ಹೋದ ಮೇಲೆ ಸಿಕ್ಕ ಸೈಟು. ಮನೆ ಕಟ್ಟಿ ಉಳಿದ ಜಾಗದಲ್ಲಿ ಒಂದು ಬೇವಿನ ಗಿಡ, ಐದು ಜವಾರಿ ಹೇಂಟೆ, ಒಂದು ಹುಂಜ. ಇಷ್ಟೇ ಇದ್ದಾಗ ಎಲ್ಲ ಚೆನ್ನಾಗಿತ್ತು. ಎರಡು ವರ್ಷದ ಹಿಂದೆ, ಹೋಳಿ ಹುಣ್ಣಿಮೆ ಹೊತ್ತಿಗೆ ಎರಡು ಹೇಂಟೆ ಒಟ್ಟಿಗೆ ಕಾವಿಗೆ ಬಂದವು. ಒಂದೊಂದಕ್ಕೆ 12ರಂತೆ 24 ಮೊಟ್ಟೆ ಇಟ್ಟೆವು. ಚೂಪು ಮೊಟ್ಟೆಯಲ್ಲಿ ಹುಂಜ, ದುಂಡು ಮೊಟ್ಟೆಯಲ್ಲಿ ಹೇಂಟೆ ಅಂತ ಅತ್ತೆ ಒಂದೊಂದೇ ಮೊಟ್ಟೆ ತಿರುಗಿಸಿ ನೋಡಿ ದುಂಡನೆಯವನ್ನೇ ಆರಿಸಿದ್ದರು. 21 ದಿನಕ್ಕೆ 19 ಮರಿ ಬಂದವು. ಎರಡನ್ನು ಬೆಕ್ಕು ಒಯ್ದಿತು. ಉಳಿದ 17ರಲ್ಲಿ ಹತ್ತು ಹುಂಜ! ಮೊಟ್ಟೆಯ ಆಕಾರಕ್ಕೂ ಒಳಗಿನ ಮರಿಗೂ ಏನೂ ಸಂಬಂಧ ಇಲ್ಲ. ಎಷ್ಟೇ ಆರಿಸಿದರೂ ಹೆಚ್ಚು ಕಡಿಮೆ ಅರ್ಧ ಹುಂಜಗಳೇ ಆಗುತ್ತವೆ. ಈ ಲೆಕ್ಕವನ್ನು ಮೊಟ್ಟೆ ಇಡುವ ದಿನವೇ ಹಾಕಬೇಕಿತ್ತು. ನಾನು ಹಾಕಲಿಲ್ಲ.

ಆರೆಂಟು ವಾರಕ್ಕೆ ಜುಟ್ಟು ಕೆಂಪಾಗತೊಡಗಿದಾಗಲೇ ನನಗೆ ಅನುಮಾನ ಬಂದಿತ್ತು. ಮೂರು ತಿಂಗಳಿಗೆ ಬೆನ್ನಿನ ಕೆಳಗೆ ಚೂಪು ಗರಿ ಇಳಿದ ಮೇಲೆ ಅನುಮಾನವೂ ಉಳಿಯಲಿಲ್ಲ. ಎಂಟು ಹತ್ತು ಹೇಂಟೆಗೆ ಒಂದು ಹುಂಜ ಸಾಕು. ನಮ್ಮಲ್ಲಿ 12 ಹೇಂಟೆಗೆ 11 ಹುಂಜ. ಹಗಲೆಲ್ಲ ಮೆಟ್ಟಿ ಮೆಟ್ಟಿ ಹೇಂಟೆಗಳ ಬೆನ್ನು ಬೋಳಾಯಿತು. ದೊಡ್ಡ ಹೇಂಟೆಗಳು ಮೊಟ್ಟೆ ಇಡುವುದನ್ನು ಬಿಟ್ಟು ಕಟ್ಟಿಗೆ ರಾಶಿಯ ಹಿಂದೆ ಅಡಗಿ ಕೂರತೊಡಗಿದವು. ಇನ್ನು ಕೂಗು. ಬೆಳಗಿನ ನಾಲ್ಕಕ್ಕೆ ಒಂದು ಶುರು ಮಾಡಿದರೆ ಉಳಿದವು ಸುಮ್ನೆ ಇರುತ್ತವಾ? ಪಕ್ಕದ ಮನೆಯ ನಿವೃತ್ತ ಮಾಸ್ತರು ಒಳ್ಳೆಯವರು. ಆದರೂ ಒಂದಿನ ಕಂಪೌಂಡಿನ ಮೇಲಿಂದ ಕೇಳಿಯೇ ಬಿಟ್ಟರು: “ತಂಗಿ, ಒಂದು ಹುಂಜ ಕೂಗಿದ್ರ ಬೆಳಗಾತು ಅಂತೀವಿ. ಹನ್ನೊಂದು ಕೂಗಿದ್ರ ಏನನ್ನೂಣು?”

ಅತ್ತೆ ಮೊದಲಿಂದ ಒಂದೇ ಮಾತು ಹೇಳುತ್ತಿದ್ದರು. “ಮಾರು, ಇಲ್ಲಾ ಕೊಯ್ದು ಸಾರು ಮಾಡು.” ನನಗೆ ಮನಸ್ಸಾಗಲಿಲ್ಲ. ಅಂಗೈಯಲ್ಲಿ ನುಚ್ಚು ತಿನ್ನಿಸಿ ಬೆಳೆಸಿದವು ಅವು. ಹಾಗೆ ಮುಂದೂಡುತ್ತಾ ಶ್ರಾವಣ ಬಂತು. ನಮ್ಮ ಕಡೆ ಶ್ರಾವಣ ಅಂದರೆ ಗೊತ್ತಲ್ಲ, ತಿನ್ನುವವರೇ ಇಲ್ಲ. ಕೋಳಿ ಅಂಗಡಿಯವನು “ಶ್ರಾವಣ ಮುಗೀಲಿ ಬರ್ರಿ” ಅಂದ. ಹೋಳಿಗೆ ಮೊಟ್ಟೆ ಇಟ್ಟರೆ ಹುಂಜಗಳು ಕೂಗಲು ಕಲಿಯುವುದು ಸರಿಯಾಗಿ ಶ್ರಾವಣಕ್ಕೇ. ಇದೂ ನನಗೆ ಆಮೇಲೆ ಹೊಳೆದ ಲೆಕ್ಕ.

ಒಂದನ್ನು ಇಳಕಲ್ಲಿನ ನಾದಿನಿ ತನ್ನ ಹೇಂಟೆಗಳ ಜೊತೆ ಬಿಡಲು ಒಯ್ದಳು. ಉಳಿದ ಒಂಬತ್ತಕ್ಕೆ ನಾನು ಮೊಬೈಲಿನಲ್ಲಿ ಫೋಟೊ ಹಾಕಿ, ‘ಸಾಕುವವರಿಗೆ ಪುಕ್ಕಟೆ, ಕೊಯ್ಯುವವರಿಗೆ ಇಲ್ಲ’ ಅಂತ ಬರೆದೆ. ಎಷ್ಟು ಜಾಣೆ ನೋಡಿ. ಹಾಗೆ ಬರೆದರೆ ಬಂದವರೆಲ್ಲ ‘ಸಾಕ್ತೀವಿ’ ಅಂತಲೇ ಹೇಳುತ್ತಾರೆ.

ಮರುದಿನವೇ ಒಬ್ಬ ಬೈಕಿನಲ್ಲಿ ಬಂದ. ಹಿಂದೆ ಎರಡು ಬುಟ್ಟಿ ಕಟ್ಟಿದ್ದ. “ಅಕ್ಕಾರ, ನಮ್ಮದು ಹೊಲದಾಗ ಮನಿ ಐತ್ರಿ. ಆರಾಮ ಅಡ್ಡಾಡಿಕೊಂಡು ಇರ್ತಾವ” ಅಂದ. ಮಾತು ಬಹಳ ಮೆತ್ತಗೆ. ಆದರೆ ಅವನ ಕೈ ಏನು ಮಾಡುತ್ತಿತ್ತು ಅನ್ನುವುದನ್ನು ನಾನು ನೋಡಿಯೂ ನೋಡಲಿಲ್ಲ. ಒಂದೊಂದನ್ನೇ ಹಿಡಿದು ತೊಡೆ ಒತ್ತಿದ. ಕಾಲಿನಲ್ಲಿ ಮುಳ್ಳು ಮೂಡುವ ಜಾಗವನ್ನು ಹೆಬ್ಬೆರಳಿನಿಂದ ಸವರಿದ. ಎರಡನ್ನು ಎದುರುಬದುರು ಹಿಡಿದು, ಕತ್ತಿನ ಗರಿ ಹೇಗೆ ನಿಮಿರುತ್ತದೆ ಅಂತ ನೋಡಿದ. “ಇದರ ಅಪ್ಪಗ ಅಸೀಲ್ ರಕ್ತ ಐತೇನ್ರಿ?” ಅಂತ ಕೇಳಿದ. ಅಸೀಲ್ ಅಂದರೆ ಕಾಳಗಕ್ಕೆ ಹೆಸರಾದ ಕೋಳಿ ಜಾತಿ. ಆರು ಆರಿಸಿಕೊಂಡ, ಮೂರನ್ನು “ಇವು ಸಣ್ಣವ್ರಿ” ಅಂತ ಬಿಟ್ಟ.

ಈಗ ಯೋಚಿಸಿದರೆ ನನಗೇ ನಗು ಬರುತ್ತದೆ. ಕೊಯ್ಯುವವನು ತೂಕ ನೋಡುತ್ತಾನೆ. ಹೇಂಟೆಗಳ ಜೊತೆ ಬಿಡುವವನು ಇದರ ತಾಯಿ ಎಷ್ಟು ಮೊಟ್ಟೆ ಇಡ್ತಿತ್ತು, ಗುಣ ಹೇಗಿದೆ, ಮಕ್ಕಳನ್ನು ಕುಕ್ಕುತ್ತದಾ ಅಂತ ಕೇಳುತ್ತಾನೆ. ಹೊಲದಲ್ಲಿ ಸುಮ್ನೆ ಅಡ್ಡಾಡಿಸಲು ಒಯ್ಯುವವನಿಗೆ ಆರು ಹುಂಜ ಯಾಕೆ ಬೇಕು? ಒಂದೂ ಹೇಂಟೆ ಕೇಳದೆ ಬರೀ ಹುಂಜ ಕೇಳಿದ, ಅದರಲ್ಲೂ ಕಾಲು ನೋಡಿ ಆರಿಸಿದ ಅಂದರೆ ಅಲ್ಲೇ ಬುಟ್ಟಿ ಇಳಿಸಬೇಕಿತ್ತು. ನಮ್ಮ ಕಡೆ ಜನಕ್ಕೆ ಟಗರಿನ ಕಾಳಗದ ಹುಚ್ಚು ಇದೆ ಅಂತ ಗೊತ್ತಿತ್ತು. ಹುಂಜಕ್ಕೂ ದುಡ್ಡು ಕಟ್ಟುವವರು ಇಷ್ಟು ಹತ್ತಿರ ಇದ್ದಾರೆ ಅಂತ ನನ್ನ ತಲೆಗೇ ಬರಲಿಲ್ಲ.

ಗೊತ್ತಾಗಿದ್ದು ಸಂಕ್ರಾಂತಿ ಮುಗಿದ ವಾರ. ಮನೆಯವರ ಮೊಬೈಲಿಗೆ ಯಾರೋ ಒಂದು ವಿಡಿಯೊ ಕಳಿಸಿದ್ದರು. ಸುತ್ತ ಜನ, ನಡುವೆ ಎರಡು ಹುಂಜ, ಕಾಲಿಗೆ ಸಣ್ಣ ಕತ್ತಿ ಕಟ್ಟಿದ್ದಾರೆ. ಅದರಲ್ಲೊಂದರ ಬಲಗಾಲಿನ ಬೆರಳು ಸೊಟ್ಟ. ಮರಿ ಇದ್ದಾಗ ಬಾಗಿಲ ಸಂದಿಯಲ್ಲಿ ಸಿಕ್ಕಿ ಸೊಟ್ಟಗಾದ ಬೆರಳು ಅದು. ಅರಿಶಿನ ಹಚ್ಚಿ ಕಟ್ಟಿದ್ದು ನಾನೇ. ವಿಡಿಯೊ ಪೂರ್ತಿ ನೋಡಲಿಲ್ಲ.

ಫೋನ್ ನಂಬರ್ ಇತ್ತು, ವಿಚಾರಿಸಿಕೊಂಡು ಇಬ್ಬರೂ ಹೋದೆವು. ಅವನಿಗೆ ನಾಚಿಕೆಯೂ ಇಲ್ಲ, ಹೆದರಿಕೆಯೂ ಇಲ್ಲ. “ಕೊಟ್ಟ ಮ್ಯಾಲ ನನ್ನ ಮಾಲು ಅಲ್ಲೇನ್ರೀ ಅಕ್ಕಾರ? ರೊಕ್ಕಾನೂ ತಗೊಂಡಿಲ್ಲ ನೀವು.” ಆರರಲ್ಲಿ ಒಂದೇ ಉಳಿದಿತ್ತು, ಒಂದು ಕಣ್ಣು ಹೋಗಿ, ಜುಟ್ಟು ಹರಿದು, ಬುಟ್ಟಿ ಕೆಳಗೆ ಮುದುರಿ ಕೂತಿತ್ತು. “ಒಯ್ರಿ, ಇದು ಇನ್ನ ಕೆಲಸಕ್ಕ ಬರಂಗಿಲ್ಲ” ಅಂದ. 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯ 11ನೇ ಕಲಮಿನಲ್ಲಿ ಪ್ರಾಣಿಗಳನ್ನು ಕಾದಾಟಕ್ಕೆ ಹಚ್ಚುವುದೇ ಅಪರಾಧ. ಠಾಣೆಗೆ ಹೋಗಬೇಕಿತ್ತು. ಹೋಗಲಿಲ್ಲ. ಯಾಕೆ ಅಂದರೆ, ಹೆದರಿಕೆ, ಅಷ್ಟೇ.

ಇಲ್ಲಿಯವರೆಗಿನದು ಒಂದು ತಪ್ಪು. ಇನ್ನೊಂದನ್ನು ಅವತ್ತೇ ಸಂಜೆ ಮಾಡಿದೆ. ಪಾಪ, ತನ್ನ ಮನೆಗೆ ಬಂದಿದೆ ಅಂತ ಅದನ್ನು ನೇರ ನಮ್ಮ ಗೂಡಿಗೇ ಬಿಟ್ಟೆ.

ಐದನೇ ದಿನ ಒಂದು ಹೇಂಟೆ ಮೇವು ಬಿಟ್ಟಿತು. ಹಸಿರು ಹಿಕ್ಕೆ, ಬಾಯಿ ತೆರೆದು ಉಸಿರಾಟ. ಆರನೇ ದಿನ ಮೂರು. ಒಂದರ ಕತ್ತು ತಿರುಚಿ ಮೇಲಕ್ಕೆ ಮುಖ ಮಾಡಿ ಗಿರಗಿರ ತಿರುಗಿತು. ಒಂದು ವಾರದಲ್ಲಿ ಒಂಬತ್ತು ಹೇಂಟೆ, ಜೊತೆಗೆ ನಮ್ಮ ಹಳೆ ಹುಂಜ ಸತ್ತವು. ಪಶು ಆಸ್ಪತ್ರೆಯ ಡಾಕ್ಟರು ನೋಡಿದ ಕೂಡಲೇ ಹೇಳಿದರು, ಕೊಕ್ಕರೆ ರೋಗ, ಅಂದರೆ ರಾಣಿಖೇತ್. ಬಂದ ಮೇಲೆ ಔಷಧಿ ಇಲ್ಲ. ಕಾಳಗದ ಹುಂಜಗಳು ಊರೂರು ತಿರುಗುತ್ತವೆ, ಹತ್ತಾರು ಕಡೆಯ ಹಕ್ಕಿಗಳ ಮೈ, ರಕ್ತ, ಎಂಜಲು ಸೇರುತ್ತದೆ, ರೋಗ ಹರಡಲು ಅದಕ್ಕಿಂತ ಒಳ್ಳೆ ಜಾಗ ಬೇಕಾ ಅಂದರು. ಆಮೇಲೆ ನಾನು ಓದಿದೆ: 2002ರಲ್ಲಿ ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಇದೇ ರೋಗ ಮೊದಲು ಕಂಡಿದ್ದು ಹಿತ್ತಲ ಕಾಳಗದ ಹುಂಜಗಳಲ್ಲಿ. ಅಲ್ಲಿಂದ ಫಾರ್ಮುಗಳಿಗೆ ಹಬ್ಬಿ, ಹತೋಟಿಗೆ ತರಲು 30 ಲಕ್ಷಕ್ಕೂ ಹೆಚ್ಚು ಹಕ್ಕಿಗಳನ್ನು ಕೊಲ್ಲಬೇಕಾಯಿತು. ನಮ್ಮದು ಹತ್ತು. ಬೇವಿನ ಗಿಡದಿಂದ ದೂರ ಆಳದ ಗುಂಡಿ ತೋಡಿ ಸುಣ್ಣ ಹಾಕಿ ಮುಚ್ಚಿದೆವು.

ಲಸಿಕೆ ಹಾಕಿಸಿರಲಿಲ್ಲವಾ ಅಂತ ಕೇಳುತ್ತೀರಿ. ಮೊದಲ ವಾರ ಕಣ್ಣಿಗೆ ಹನಿ ಹಾಕಿದ್ದೆ. ಆರೆಂಟು ವಾರಕ್ಕೆ ಚುಚ್ಚುವ, ಇದೇ ರೋಗದ ಆರ್‌ಟೂಬಿ ಲಸಿಕೆ ತಪ್ಪಿಸಿದ್ದೆ. ಒಂದು ಸೀಸೆಯಲ್ಲಿ ನೂರು ಕೋಳಿಯದು ಇರುತ್ತದೆ, ಕಲಸಿದ ಮೇಲೆ ಎರಡು ತಾಸಿನೊಳಗೆ ಮುಗಿಸಬೇಕು. ಇಪ್ಪತ್ತು ಕೋಳಿಗೆ ಯಾಕೆ ಹಾಳು ಮಾಡೋದು ಅಂತ ಬಿಟ್ಟಿದ್ದೆ. ಈಗ ಓಣಿಯ ನಾಲ್ಕು ಮನೆಯವರು ಒಂದೇ ದಿನ ಕೂಡಿ ಹಾಕಿಸುತ್ತೇವೆ. ಹೊರಗಿಂದ ಯಾವ ಕೋಳಿ ಬಂದರೂ, ನಾದಿನಿ ಮನೆಯದಾದರೂ ಸರಿ, ಮೂರು ವಾರ ಮನೆಯ ಮುಂದಿನ ಬದಿಯಲ್ಲಿ ಬೇರೆ ಇರುತ್ತದೆ. ಅದರ ನೀರಿನ ಬಟ್ಟಲು ಬೇರೆ. ಅದಕ್ಕೆ ಮೇವು ಹಾಕುವುದು ಕೊನೆಗೆ, ಹಾಕಿ ಬಂದು ಕೈ ತೊಳೆದು ಚಪ್ಪಲಿಯನ್ನೂ ಬದಲಿಸುತ್ತೇನೆ.

ಇನ್ನೊಂದು ಹೇಳಲೇಬೇಕು. ಅವನು ಬಿಟ್ಟುಹೋದ ಆ ಮೂರು ಸಣ್ಣ ಹುಂಜಗಳನ್ನು ಹೇಂಟೆಗಳಿಗೆ ಕಾಣದ ಹಾಗೆ ಮನೆಯ ಪಕ್ಕದ ಸಂದಿಯಲ್ಲಿ ಜಾಳಿಗೆ ಕಟ್ಟಿ ಕೂಡಿದ್ದೆ. ಹೇಂಟೆ ಕಣ್ಣಿಗೆ ಬೀಳದಿದ್ದರೆ ಹುಂಜಗಳ ಜಗಳ ಎಷ್ಟೋ ಕಡಿಮೆ. ರಾತ್ರಿ ಕತ್ತಲೆ ಮಾಡಿ ಮುಚ್ಚಿದರೆ ಬೆಳಗಿನ ಕೂಗೂ ಸ್ವಲ್ಪ ತಡ. ಗಣಪತಿ ಕಳಿಸಿ, ಪಿತೃಪಕ್ಷದ ಅಮಾವಾಸ್ಯೆ ಹತ್ತಿರ ಬಂದಾಗ ಮೂರೂ ತೂಕದ ಲೆಕ್ಕದಲ್ಲಿ ಒಂದೇ ದಿನ ಮಾರಿಹೋದವು. ಒಂಬತ್ತನ್ನೂ ಹಾಗೇ ಇಟ್ಟುಕೊಂಡಿದ್ದರೆ ಒಂದಿಷ್ಟು ವಾರದ ಕಿರಿಕಿರಿ ಅಷ್ಟೇ ಆಗುತ್ತಿತ್ತು. ಅತ್ತೆ ಈ ವಿಷಯ ಒಂದು ಸಲವೂ ಎತ್ತಿಲ್ಲ. ಎತ್ತಿದ್ದರೇ ಚೆನ್ನಾಗಿತ್ತು.

ಬರೀ ಮೊಟ್ಟೆಗಾಗಿ ಸಾಕುವವರಿಗೆ ಹುಂಜವೇ ಬೇಡ. ಹುಂಜ ಇಲ್ಲದೆಯೂ ಹೇಂಟೆ ಮೊಟ್ಟೆ ಇಡುತ್ತದೆ, ಮರಿ ಆಗುವುದಿಲ್ಲ ಅಷ್ಟೇ.

ಒಕ್ಕಣ್ಣ ಮಾತ್ರ ಸಾಯಲಿಲ್ಲ. ಈಗ ಹಿತ್ತಲಿಗೆ ಅದೊಂದೇ ಹುಂಜ, ಮಾಸ್ತರು ಅದಕ್ಕೆ ಜೋಳ ಎಸೆಯುತ್ತಾರೆ. ಬಸವ ಜಯಂತಿ ಆದ ಮೇಲೆ ಒಂದು ಹೇಂಟೆ ಮತ್ತೆ ಕಾವಿಗೆ ಬಂತು. ಎಂಟೇ ಮೊಟ್ಟೆ ಇಟ್ಟಿದ್ದೇನೆ. ನಾಲ್ಕು ಹುಂಜ ಆದರೆ ಎರಡು ನಾದಿನಿಗೆ, ಎರಡು ಅಮಾವಾಸ್ಯೆಗೆ ನಮ್ಮ ಮನೆಯ ಸಾರಿಗೆ. ಕೊಯ್ಯುವವರಿಗೂ ಈಗಲೇ ಹೇಳಿ ಆಗಿದೆ.