ಕಾಸರಗೋಡಿನ ಚಿಗಾಂಗ್ ಕ್ಲಾಸು: ಎರಡು ತಿಂಗಳು ಹೋಗಿ ನೋಡಿದ್ದು

ನನ್ನ ಎಡ ಭುಜ ನೋಯಲು ಶುರುವಾಗಿ ಒಂದೂವರೆ ವರ್ಷ ಆಯ್ತು. ಅಡಿಕೆ ಸುಲಿಯಲು ಕೂತರೆ ಅರ್ಧ ಗಂಟೆಗೇ ಕೈ ಸೋಲುತ್ತಿತ್ತು. ಯೋಗಕ್ಕೆ ಸೇರೋಣ ಎಂದರೆ ನೆಲದಲ್ಲಿ ಕೂತು ಏಳಲು ಮೊಣಕಾಲು ಒಪ್ಪುವುದಿಲ್ಲ. "ಪೇಟೆಯಲ್ಲಿ ಚೀನಾದವರ ವ್ಯಾಯಾಮ ಹೇಳಿಕೊಡ್ತಾರಂತೆ ಮಾವ, ನಿಂತುಕೊಂಡೇ ಮಾಡೋದಂತೆ" ಎಂದಳು ಸೊಸೆ. ಬದಿಯಡ್ಕದಿಂದ ಬೆಳಗ್ಗಿನ ಬಸ್ಸು ಹತ್ತಿದೆ.

ವಾರಕ್ಕೆ ಮೂರು ದಿನ, ತಿಂಗಳಿಗೆ 800 ರೂಪಾಯಿ. ಬೇಕರಿಯ ಮೇಲಿನ ಹಾಲ್. "ಉಸಿರು ಒಳಗೆ" ಎಂದಾಗಲೆಲ್ಲ ಮೂಗಿಗೆ ಬಿಸಿ ಬನ್ನಿನ ವಾಸನೆ! ಮೆಟ್ಟಿಲು ಕಡಿದು, ಹಿಡಿದುಕೊಳ್ಳಲು ಏನೂ ಇಲ್ಲ. ವಯಸ್ಸಾದವರೇ ಬರುವ ಜಾಗಕ್ಕೆ ಇದು ಸರಿಯಲ್ಲ.

ಮಾಸ್ಟ್ರದು ಮಲಯಾಳ ಬೆರೆತ ಕನ್ನಡ. ಬಾಯಲ್ಲಿ ಯಾವಾಗಲೂ ಒಂದೇ ಮಾತು, "ಪದುಕ್ಕೆ, ಪದುಕ್ಕೆ". ನಿಧಾನ, ಅಷ್ಟೇ. ಕಲಿಸುವುದು ಚಿಗಾಂಗ್‌ನಲ್ಲೇ ಒಂದು ಬಗೆ, ಬಾದುವಾನ್‌ಜಿನ್. 'ಎಂಟು ತುಂಡು ಜರಿಬಟ್ಟೆ' ಅಂತ ಅರ್ಥವಂತೆ. ಒಟ್ಟು ಎಂಟೇ ಚಲನೆ, ಕಾಲು ಗಂಟೆಯಲ್ಲಿ ಮುಗಿಯುತ್ತದೆ. ಎರಡನೆಯದರಲ್ಲಿ ಕಾಲು ಅಗಲಿಸಿ, ಕುದುರೆ ಮೇಲೆ ಕೂತ ಹಾಗೆ ತಗ್ಗಿ, ಬಿಲ್ಲು ಎಳೆಯಬೇಕು. ಬಯಲಾಟದ ಅರ್ಜುನನೇ, ಚೆಂಡೆ ಒಂದಿಲ್ಲ. ಮೊದಲ ದಿನ ಮುಂಡು ಉಟ್ಟು ಹೋಗಿ ಪಟ್ಟ ಪಾಡು ಬೇಡ, ನೀವು ಪೈಜಾಮ ಹಾಕಿಕೊಳ್ಳಿ. ಬಿಲ್ಲು ಎಳೆಯುವಾಗ ಭುಜ 'ಕಟಕ್' ಎಂದಿತು. ಮಾಸ್ಟ್ರು ಬಂದು ನನ್ನ ಮೊಣಕೈ ಹಿಡಿದು ಒಂದು ಗೇಣು ಕೆಳಗಿಳಿಸಿದರು. "ನೋವು ಶುರುವಾಗುವ ಮುಂಚೆ ನಿಲ್ಲಿಸಿ" ಎಂದರು. ನನಗೆ ಹಿಡಿಸಿದ್ದು ಇದೇ. ಕೊನೆಗೆ ತುದಿಗಾಲಲ್ಲಿ ನಿಂತು ಹಿಮ್ಮಡಿಯನ್ನು ನೆಲಕ್ಕೆ ಬಿಡುವುದು, ಏಳು ಸಲ.

ಇನ್ನು ತಕರಾರು. ಇದು ಐದು ಸಾವಿರ ವರ್ಷ ಹಳೆಯದು ಅಂತ ಮಾಸ್ಟ್ರು ಹೇಳುತ್ತಾರೆ. ಚೀನಾದ ಮಾವಾಂಗ್‌ದುಯಿ ಎಂಬಲ್ಲಿ 1973ರಲ್ಲಿ ಒಂದು ಗೋರಿ ಅಗೆದಾಗ ರೇಷ್ಮೆ ಬಟ್ಟೆಯ ಚಿತ್ರ ಸಿಕ್ಕಿತು. ಅದರಲ್ಲಿ ಇಂಥ ವ್ಯಾಯಾಮ ಮಾಡುವ 44 ಜನರಿದ್ದಾರೆ. ಆ ಗೋರಿ ಮುಚ್ಚಿದ್ದು ಕ್ರಿಸ್ತಪೂರ್ವ 168ರಲ್ಲಿ. ಹುಲಿ, ಜಿಂಕೆ, ಕರಡಿ, ಮಂಗ, ಹಕ್ಕಿಗಳ ಆಟ ನೋಡಿ ವ್ಯಾಯಾಮ ಕಟ್ಟಿದ ಎನ್ನುವ ವೈದ್ಯ ಹುವಾ ತುವೋ ಅದಕ್ಕೂ ಈಚಿನವನು. ಬಾದುವಾನ್‌ಜಿನ್ ಹೆಸರು ಸಿಗುವುದು ಸೋಂಗ್ ರಾಜರ ಕಾಲದಲ್ಲಿ, ಅಂದರೆ ಕ್ರಿಸ್ತಶಕ 10ರಿಂದ 13ನೇ ಶತಮಾನದೊಳಗೆ. ಇವನ್ನೆಲ್ಲ ಸೇರಿಸಿ 'ಚಿಗಾಂಗ್' ಎಂದು ಕರೆಯುವುದು ರೂಢಿಗೆ ಬಂದದ್ದಂತೂ 1950ರ ನಂತರ. ಎರಡು ಸಾವಿರ ವರ್ಷ ಸಾಲದೇ ಮಾರಾಯ್ರೆ?

ಅದನ್ನಾದರೂ ಬಿಡಬಹುದು. ಗೋಡೆಯ ಬೋರ್ಡಿನಲ್ಲಿ ಸಕ್ಕರೆ ಕಾಯಿಲೆಯಿಂದ ಕ್ಯಾನ್ಸರ್ ತನಕ ಎಲ್ಲ ಗುಣವಾಗುತ್ತದೆ ಎಂದು ಬರೆದಿದೆ. ಬಿಪಿ ಮಾತ್ರೆ ಕಮ್ಮಿ ಮಾಡಿ ನೋಡಿ ಎಂದು ನನಗೂ ಹೇಳಿದರು. ಇಂಥ ನಿಧಾನದ ವ್ಯಾಯಾಮದಿಂದ ಸಮತೋಲ ಸುಧಾರಿಸುತ್ತದೆ, ಬಿಪಿಯೂ ಸ್ವಲ್ಪ ಇಳಿಯಬಹುದು, ಅದು ಸರಿ. ಹಾಗಂತ ಮಾತ್ರೆ ಬಿಡುವುದೇ? ದಯವಿಟ್ಟು ಯಾರೂ ಬಿಡಬೇಡಿ. ನಾನು ದಿನಾ ನುಂಗಿಯೇ ಬಸ್ಸು ಹತ್ತುವುದು.

ಮೊಣಕಾಲು ಮೊದಲಿನ ಹಾಗೇ ಇದೆ. ಭುಜ ಮಾತ್ರ ಸುಧಾರಿಸಿದೆ. ಮೊನ್ನೆ ಅಟ್ಟದ ಬುಟ್ಟಿಯನ್ನು ಎಡಗೈಯಲ್ಲೇ ಇಳಿಸಿದೆ. ಒಂದು ಗಂಟೆ ಕೂತು ಅಡಿಕೆ ಸುಲಿಯುತ್ತೇನೆ. ಮೂರನೇ ತಿಂಗಳ ಫೀಸೂ ಕಟ್ಟಿದೆ. ಬೋರ್ಡಿಗೆ ಬೆನ್ನು ಹಾಕಿ ನಿಲ್ಲುತ್ತೇನೆ.