ಬಿರುಕಿನ ಪಕ್ಕಕ್ಕೆ ಯಾವ ಸ್ಟ್ರೇನ್ ಗೇಜ್?

ಭಾರ ಬಿದ್ದಾಗ ಲೋಹ ತನ್ನ ಉದ್ದದ ಎಷ್ಟು ಪಾಲು ಹಿಗ್ಗಿತು, ಕುಗ್ಗಿತು (ಇದೇ ಸ್ಟ್ರೇನ್) ಎಂದು ಅಳೆಯಲು ಮೇಲ್ಮೈಗೆ ಅಂಟಿಸುವ ತೆಳು ಲೋಹದೆಳೆಯ ಜಾಲವೇ ಸ್ಟ್ರೇನ್ ಗೇಜ್. ಬಿರುಕಿನ ಪಕ್ಕಕ್ಕೆ ಬೇರೆ ಬೇರೆ ದಿಕ್ಕಿನ ಮೂರು ಜಾಲಗಳ ರೋಸೆಟ್ ಬೇಕೇ, ಸಾಲು ಗೇಜ್ ಬೇಕೇ, ಒಂದೇ ಜಾಲದ ಒಂಟಿ ಗೇಜ್ ಸಾಕೇ? ಮೈಸೂರಿನ ನಮ್ಮ ಪ್ರಯೋಗಾಲಯದಲ್ಲಿ ಈ ವಾದ ಆಗಾಗ ಏಳುತ್ತದೆ. 5 ಮಿ.ಮೀ. ದಪ್ಪದ ಅಲ್ಯೂಮಿನಿಯಂ ತಗಡಿನ ಅಂಚಿನಲ್ಲಿ ಬಿರುಕು ಬೆಳೆಸಿ, ಮೂರನ್ನೂ ಅಂಟಿಸಿ, ಯಂತ್ರಕ್ಕೆ ಕೊಟ್ಟು ಎಳೆದು ನೋಡಿದ್ದೇನೆ. ನನ್ನ ಮತ ಒಂಟಿ ಗೇಜಿಗೆ.

ರೋಸೆಟ್ಟಿನ ವಿಚಾರ ಬೇಗ ಮುಗಿಯುತ್ತದೆ. ಅದರ ಮೂರು ಜಾಲಗಳೂ ಒಂದೇ ಬಿಂದುವಿನ ಸ್ಟ್ರೇನ್ ಹೇಳುತ್ತಿವೆ ಎಂದು ನಂಬಿ ನಾವು ಪ್ರಧಾನ ಒತ್ತಡದ, ಅಂದರೆ ಅಲ್ಲಿನ ಅತಿ ಹೆಚ್ಚಿನ ಒತ್ತಡ ಎಷ್ಟು, ಯಾವ ಕೋನದಲ್ಲಿ ಎಂಬುದರ ಲೆಕ್ಕ ಹಾಕುತ್ತೇವೆ. ಬಿರುಕಿನ ತುದಿಯ ಬಳಿ ಒಂದೆರಡು ಮಿ.ಮೀ. ಸರಿದರೂ ಸ್ಟ್ರೇನ್ ಬೇರೆಯೇ ಆಗಿರುತ್ತದೆ. ಅಕ್ಕಪಕ್ಕ ಹರಡಿದ ಜಾಲಗಳ ರೋಸೆಟ್ ಅಲ್ಲಿ ಕೊಡುವ ಕೋನವನ್ನು ನಾನಂತೂ ನಂಬುವುದಿಲ್ಲ. ಒಂದರ ಮೇಲೊಂದು ಕೂತ ಜಾಲಗಳದ್ದಾದರೆ ಈ ದೋಷ ತಗ್ಗುತ್ತದೆ, ಬಿಸಿಯಾಗುವ ಕಾಟ ಶುರುವಾಗುತ್ತದೆ.

ಒಂಟಿ ಗೇಜಿನ ಹಿಂದೆ ಸೊಗಸಾದ ಗಣಿತವಿದೆ. ಬಿರುಕಿನ ಬಳಿ ಸ್ಟ್ರೇನ್ ಗೇಜ್ ಬಳಸಬಹುದೆಂದು 1957ರಲ್ಲೇ ಸಂಶೋಧಕ ಇರ್ವಿನ್ ಸೂಚಿಸಿದ್ದರು. ಎಲ್ಲಿ, ಯಾವ ಕೋನದಲ್ಲಿ ಅಂಟಿಸಬೇಕೆಂಬುದನ್ನು ಸಂಶೋಧಕರಾದ ಡ್ಯಾಲಿ ಮತ್ತು ಸ್ಯಾನ್‌ಫರ್ಡ್ 1987ರಲ್ಲಿ ಬಿಡಿಸಿ ತೋರಿಸಿದರು. ಪಾಯ್ಸನ್ ಅನುಪಾತ (ಎಳೆದಾಗ ಅಡ್ಡಕ್ಕೆ ಕುಗ್ಗುವುದಕ್ಕೂ ಉದ್ದಕ್ಕೆ ಹಿಗ್ಗುವುದಕ್ಕೂ ಇರುವ ಅನುಪಾತ) ಮೂರನೇ ಒಂದರಷ್ಟಿರುವ ಅಲ್ಯೂಮಿನಿಯಂನಲ್ಲಿ ಬಿರುಕಿನ ಗೆರೆಯಿಂದ 60 ಡಿಗ್ರಿ ಓರೆಯಾಗಿ ಒಂದು ರೇಖೆ ಎಳೆದು, ಅದರ ಮೇಲೆ ಅದರ ದಿಕ್ಕಿನಲ್ಲೇ ಗೇಜ್ ಅಂಟಿಸಿದರೆ ಸಮೀಕರಣದ ತೊಡಕಿನ ಪದಗಳು ತಾವಾಗಿಯೇ ಸೊನ್ನೆಯಾಗುತ್ತವೆ. ಗೇಜ್ ತೋರಿಸುವ ಒಂದೇ ಓದಿನಿಂದ ಒತ್ತಡ ತೀವ್ರತಾ ಗುಣಾಂಕ, ಅಂದರೆ ಬಿರುಕಿನ ತುದಿಯ ಸುತ್ತ ಒತ್ತಡ ಎಷ್ಟು ತೀವ್ರವಾಗಿದೆ ಎಂಬ ಅಳತೆ, ಸಿಗುತ್ತದೆ. ಉಕ್ಕಿಗಾದರೆ ರೇಖೆ ಸುಮಾರು 65 ಡಿಗ್ರಿಗೆ, ಗೇಜಿನ ದಿಕ್ಕು ಸುಮಾರು 61ಕ್ಕೆ.

ಗೇಜ್ ಚಿಕ್ಕದಿರಬೇಕು, ಇಲ್ಲಿ ರಾಜಿಯಿಲ್ಲ. ತುದಿಯಿಂದ 3 ಮಿ.ಮೀ. ದೂರದಲ್ಲಿ ನಡುಬಿಂದು ಬರುವಂತೆ 5 ಮಿ.ಮೀ. ಉದ್ದದ ಜಾಲ ಕೂರಿಸಿದರೆ, ಅದು ತನ್ನ ಉದ್ದಕ್ಕೂ ಸರಾಸರಿ ತೆಗೆಯುವ ಕಾರಣಕ್ಕೇ ಓದು ಸುಮಾರು ಶೇ 13ರಷ್ಟು ಹೆಚ್ಚು ಬರುತ್ತದೆ. 1 ಮಿ.ಮೀ. ಜಾಲದಲ್ಲಿ ಈ ದೋಷ ಶೇ ಅರ್ಧಕ್ಕಿಂತ ಕಡಿಮೆ. ಹಾಗೆಂದು ತುದಿಗೆ ಇನ್ನೂ ಹತ್ತಿರ ಹೋಗುವಂತಿಲ್ಲ. ತಗಡಿನ ಅರ್ಧ ದಪ್ಪದೊಳಗೆ ಎರಡು ಆಯಾಮದ ಸೂತ್ರಗಳು ಕೈಕೊಡುತ್ತವೆ. ಇಷ್ಟು ಸಣ್ಣ ಗೇಜನ್ನು ಸೆಲ್ಲೋಟೇಪಿನಲ್ಲಿ ಎತ್ತಿ, ಪೆನ್ಸಿಲ್ ಗುರುತಿಗೆ ಸರಿಹೊಂದಿಸಿ, ಅಂಟು ಹಾಕಿ ಹೆಬ್ಬೆರಳಿನಲ್ಲಿ ಒತ್ತಿ ಹಿಡಿಯುವಾಗ ಭೂತಗನ್ನಡಿ ಇಲ್ಲದೆ ಆಗದು.

ಸಾಲು ಗೇಜ್ ಎಂದರೆ ಒಂದೇ ಹಾಳೆಯ ಮೇಲೆ ಸಾಲಾಗಿ ಹತ್ತು ಪುಟ್ಟ ಜಾಲಗಳು. ದೂರಕ್ಕೆ ತಕ್ಕಂತೆ ಸ್ಟ್ರೇನ್ ಇಳಿಯುವ ರೇಖೆ ಕಣ್ಣೆದುರೇ ಮೂಡುತ್ತದೆ. ಬಿರುಕು ಮುಂದುವರಿದರೆ ಒಂದೊಂದೇ ಜಾಲದ ಓದು ಏರಿ ಇಳಿಯುವುದರಿಂದ ತುದಿ ಎಲ್ಲಿಗೆ ಬಂತೆಂದೂ ತಿಳಿಯುತ್ತದೆ. ಆದರೆ ಜಾಲಕ್ಕೆ ಮೂರರಂತೆ ಮೂವತ್ತು ತಂತಿಗಳ ಬೆಸುಗೆ! ಕೂದಲೆಳೆಯಂತಹ ತಂತಿಗಳ ಆ ಕೆಲಸಕ್ಕೆ ನನಗೆ ತಾಳ್ಮೆ ಕಡಿಮೆ. ಬೆಲೆಯೂ ಹೆಚ್ಚು, ಅಳೆಯುವ ಯಂತ್ರದಲ್ಲಿ ಅಷ್ಟು ಚಾನೆಲ್‌ಗಳೂ ಬೇಕು.

ಮಂಡ್ಯದ ಆಲೆಮನೆಯೊಂದರ ಗಾಣದ ಉಕ್ಕಿನ ಚೌಕಟ್ಟಿನಲ್ಲಿ ಬಿರುಕು ಕಂಡಾಗ ಮಾತ್ರ ನಾನು ಒಂಟಿ ಗೇಜಿನಿಂದ ಆರಂಭಿಸಲಿಲ್ಲ. ಆ ವಿಧಾನ ಬಿರುಕು ನೇರವಾಗಿ ಬಾಯಿ ತೆರೆಯುತ್ತಿದೆ ಎಂದು ಭಾವಿಸಿಕೊಳ್ಳುತ್ತದೆ. ಕಬ್ಬು ಒಳಗೆ ಹೋದಾಗ ಚೌಕಟ್ಟು ಬಾಗುತ್ತದೆ, ತಿರುಚುತ್ತದೆ, ಬಿರುಕಿನ ಎರಡು ಮುಖಗಳು ಒಂದರ ಮೇಲೊಂದು ಜಾರಲೂಬಹುದು. ಅಲ್ಲಿ ಬಿರುಕಿನಿಂದ ದೂರದಲ್ಲಿ ಅಂಟಿಸಿದ ರೋಸೆಟ್ಟೇ ಮೊದಲು ಕೆಲಸಕ್ಕೆ ಬಂತು: ಪ್ರಧಾನ ಒತ್ತಡ ಬಿರುಕಿಗೆ ಅಡ್ಡಲಾಗಿದೆಯೇ ಎಂಬುದಕ್ಕೆ ಉತ್ತರ ಕೊಟ್ಟಿತು.

ಯಾವುದನ್ನೇ ಕೊಂಡರೂ ಪೊಟ್ಟಣದ ಮೇಲಿನ ತಾಪಮಾನ ಹೊಂದಿಕೆಯ ಸಂಖ್ಯೆ (ಒಂದು ಡಿಗ್ರಿ ಸೆಲ್ಸಿಯಸ್ ಬಿಸಿಗೆ ಲೋಹ ದಶಲಕ್ಷದಲ್ಲಿ ಎಷ್ಟು ಪಾಲು ಹಿಗ್ಗುತ್ತದೆ ಎಂಬುದು) ನೋಡಿ: ಅಲ್ಯೂಮಿನಿಯಂಗೆ 23, ಉಕ್ಕಿಗೆ 11. ಉಕ್ಕಿನದ್ದನ್ನು ಅಲ್ಯೂಮಿನಿಯಂಗೆ ಅಂಟಿಸಿದರೆ, ಏಪ್ರಿಲ್ ಮಧ್ಯಾಹ್ನ ಕಿಟಕಿಯ ಬಿಸಿಲು ತಗಡಿನ ಮೇಲೆ ಬಿದ್ದಾಗ, ಭಾರವೇ ಇಲ್ಲದೆ ಡಿಗ್ರಿ ಸೆಲ್ಸಿಯಸ್ಸಿಗೆ ಸುಮಾರು 12 ಮೈಕ್ರೋಸ್ಟ್ರೇನ್ (ದಶಲಕ್ಷದಲ್ಲಿ 12 ಪಾಲು) ಓದು ತಾನಾಗಿ ಏರುತ್ತದೆ.