ಒಂದೇ ರಾಶಿಯ ಬಾರ್ಲಿ, ನಾಲ್ಕು ಬಗೆಯ ಬೀಜೋಪಚಾರ, ಮೂರು ಬಗೆಯ ಕಳೆ ಕೆಲಸ

ಬಾರ್ಲಿಯ ತೆನೆ ಇನ್ನೂ ಎಲೆಯೊಳಗೆ ಹೊಡೆಯಲ್ಲಿದ್ದಾಗಲೇ ಅಲ್ಲೊಂದು ಇಲ್ಲೊಂದು ತೆನೆ ಅವಸರದಲ್ಲಿ ತಲೆ ಎತ್ತಿತ್ತು. ಹತ್ತಿರ ಹೋಗಿ ನೋಡಿದರೆ ಕಾಳಿನ ಜಾಗದಲ್ಲಿ ಕರಿ ಪುಡಿ. ವಾರ ಕಳೆಯುವಷ್ಟರಲ್ಲಿ ಗಾಳಿಗೆ ಪುಡಿಯೆಲ್ಲ ಹಾರಿ, ಬೋಳು ಕಡ್ಡಿಗಳು ಮಾತ್ರ ನಿಂತವು. ಬಿಡಿ ಕಾಡಿಗೆ ರೋಗ. ಬೀಜ ಬೇರೆ ಕಡೆಯಿಂದ ತಂದದ್ದೂ ಅಲ್ಲ, ಹಿಂದಿನ ವರ್ಷ ನಾನೇ ಆರಿಸಿ ಇಟ್ಟದ್ದು. ದಪ್ಪ ಕಾಳು, ಒಳ್ಳೆ ಬಣ್ಣ, ಮೊಳಕೆಯೂ ಚೆನ್ನಾಗಿತ್ತು.

ಈ ರೋಗದ ಮೋಸ ಇರುವುದೇ ಅಲ್ಲಿ. ಹೂ ಬಿಡುವ ಹೊತ್ತಿಗೆ ಹಾರಿಬಂದ ಪುಡಿ ಹೂವಿನೊಳಗೆ ಇಳಿದು, ಬೆಳೆಯುತ್ತಿರುವ ಕಾಳಿನ ಭ್ರೂಣದಲ್ಲಿ ಶಿಲೀಂಧ್ರವಾಗಿ ಸದ್ದಿಲ್ಲದೆ ಕೂರುತ್ತದೆ. ಕಾಳು ನೋಡಲು ಆರೋಗ್ಯವಾಗಿಯೇ ಇರುತ್ತದೆ. ಬಿತ್ತಿದ ಮೇಲೆ ಶಿಲೀಂಧ್ರ ಗಿಡದ ಜೊತೆಗೇ ಬೆಳೆದು ತೆನೆಗೆ ಏರುತ್ತದೆ. ಇದರ ದಾಯಾದಿ ಮುಚ್ಚಿದ ಕಾಡಿಗೆ ಹಾಗಲ್ಲ. ಅದರ ಪುಡಿ ಒಕ್ಕುವಾಗ ಕಾಳಿನ ಮೇಲೆ ಅಂಟಿಕೊಳ್ಳುತ್ತದೆ, ಭ್ರೂಣದೊಳಗೆ ಹೊಕ್ಕಿರುವುದಿಲ್ಲ. ಈ ಒಂದು ವ್ಯತ್ಯಾಸ ಗೊತ್ತಿಲ್ಲದೆ ನಾನು ಎಷ್ಟೋ ವರ್ಷ ಬೀಜಕ್ಕೆ ಮದ್ದಿನ ಪುಡಿ ಕಲಸಿ ಸುಮ್ಮನೆ ಸಮಾಧಾನಪಟ್ಟಿದ್ದೆ.

ಮರುವರ್ಷ ಅದೇ ರೋಗದ ರಾಶಿಯಿಂದ ನಾಲ್ಕು ಪಾಲು ತೆಗೆದೆ. ಒಂದಕ್ಕೆ ಏನೂ ಮಾಡಲಿಲ್ಲ. ಎರಡನೆಯದಕ್ಕೆ ಕಾಳಿನ ಹೊರಗಷ್ಟೇ ಕೆಲಸ ಮಾಡುವ ಶಿಲೀಂಧ್ರನಾಶಕ ಥೈರಾಂ ಪುಡಿ. ಮೂರನೆಯದಕ್ಕೆ ಬಿಸಿನೀರು. ನಾಲ್ಕನೆಯದಕ್ಕೆ ಅಂತರ್ವ್ಯಾಪಿ, ಅಂದರೆ ಗಿಡದೊಳಗೆ ಇಳಿದು ಹರಡುವ ಶಿಲೀಂಧ್ರನಾಶಕ ಟೆಬುಕೊನಜೋಲ್, ಡಬ್ಬಿಯ ಮೇಲೆ ಬರೆದ ಪ್ರಮಾಣದಲ್ಲೇ.

ಥೈರಾಂ ಪಾಲಿನಲ್ಲಿ ಮೊಳಕೆ ಒಂದೇ ಸಮನಾಗಿ ಎದ್ದಿತು, ಸಸಿ ಸಾಯುವುದು ಕಡಿಮೆಯಾಯಿತು. ತೆನೆ ಬಂದಾಗ ಮಾತ್ರ ಕರಿ ತೆನೆಗಳ ವಿಷಯದಲ್ಲಿ ಅದಕ್ಕೂ ಏನೂ ಮಾಡದ ಪಾಲಿಗೂ ನನ್ನ ಕಣ್ಣಿಗೆ ವ್ಯತ್ಯಾಸ ಕಾಣಲಿಲ್ಲ. ಹೊರಗೆ ಹಚ್ಚಿದ್ದು ಒಳಗಿರುವುದನ್ನು ಮುಟ್ಟದು. ಮುಚ್ಚಿದ ಕಾಡಿಗೆ ಇದ್ದಿದ್ದರೆ ಇದೇ ಪುಡಿಯನ್ನು ಹೊಗಳುತ್ತಿದ್ದೆನೋ ಏನೋ.

ಬಿಸಿನೀರಿನ ಉಪಾಯ ಹಳೆಯದು. 1880ರ ದಶಕದಲ್ಲಿ ಡೆನ್ಮಾರ್ಕಿನ ಜೆನ್ಸನ್ ಧಾನ್ಯದ ಕಾಡಿಗೆಗೆ ಇದನ್ನು ಬಳಕೆಗೆ ತಂದರು. ಮೊದಲು ನಾಲ್ಕೈದು ಗಂಟೆ ತಣ್ಣೀರಲ್ಲಿ ನೆನೆಸಬೇಕು. ಮಲಗಿದ್ದ ಶಿಲೀಂಧ್ರ ಎಚ್ಚರವಾಗುತ್ತದೆ, ಎಚ್ಚರವಾದದ್ದು ಬಿಸಿಗೆ ಬೇಗ ಸಾಯುತ್ತದೆ. ಆಮೇಲೆ 52 ಡಿಗ್ರಿ ಸೆಲ್ಸಿಯಸ್ ನೀರಿನಲ್ಲಿ ಸುಮಾರು 11 ನಿಮಿಷ, ಕೂಡಲೇ ತಣ್ಣೀರಿಗೆ, ಆಮೇಲೆ ತೆಳ್ಳಗೆ ಹರಡಿ ಒಣಗಿಸುವುದು. ಹೇಳಲು ಇಷ್ಟೇ. ಮಾಡಲು ಕೂತಾಗ ತಿಳಿಯಿತು, ಬೀಜದ ಚೀಲ ಇಳಿಸಿದ ತಕ್ಷಣ ನೀರಿನ ಬಿಸಿ ಇಳಿಯುತ್ತದೆ, ಒಲೆ ಸ್ವಲ್ಪ ಜೋರಾದರೆ ಥಟ್ಟನೆ ಏರುತ್ತದೆ. ಬಿಸಿ ಕಡಿಮೆಯಾದರೆ ರೋಗ ಉಳಿಯುತ್ತದೆ, ಜಾಸ್ತಿಯಾದರೆ ಮೊಳಕೆ ಹೋಗುತ್ತದೆ. ಬೆರಳು ಅದ್ದಿ ಅಂದಾಜು ಮಾಡಿದ ಮೊದಲ ಚೀಲವನ್ನು ಬೇಯಿಸಿಯೇಬಿಟ್ಟೆ. ಅದು ಮೊಳೆಯಲೇ ಇಲ್ಲ. ಥರ್ಮಾಮೀಟರ್ ಹಿಡಿದು, ದೊಡ್ಡ ಪಾತ್ರೆಯಲ್ಲಿ ಸಣ್ಣ ಚೀಲ ಇಳಿಸಿ ಮಾಡಿದ ಎರಡನೆಯದು ಗೆದ್ದಿತು. ಮೊಳಕೆ ಕೊಂಚ ತಗ್ಗಿತು, ಬಿತ್ತುವಾಗ ಅಷ್ಟು ಬೀಜ ಹೆಚ್ಚು ಹಾಕಿದೆ. ಕರಿ ತೆನೆ ಅಲ್ಲೊಂದು ಇಲ್ಲೊಂದು, ಹುಡುಕಿದರೆ ಸಿಗುವಷ್ಟು.

ಟೆಬುಕೊನಜೋಲ್ ಪಾಲಿನಲ್ಲಿ ಹುಡುಕಿದರೂ ಸಿಗಲಿಲ್ಲ. ಕೆಲಸ ಹತ್ತು ನಿಮಿಷದ್ದು. ಫಲಿತಾಂಶ ಒಂದನ್ನೇ ನೋಡಿದರೆ ಮಾತು ಅಲ್ಲಿಗೆ ಮುಗಿಯಿತು. ಆದರೆ ಈ ಮದ್ದಿನ ಬಣ್ಣ ಹಚ್ಚಿದ ಬೀಜ ಬಿತ್ತಿ ಮಿಕ್ಕರೆ ತಿನ್ನುವಂತಿಲ್ಲ, ದನಕ್ಕೂ ಕೋಳಿಗೂ ಹಾಕುವಂತಿಲ್ಲ. ಬಿಸಿನೀರಿನ ಬೀಜಕ್ಕೆ ಆ ಕಾಟವಿಲ್ಲ.

ಕಳೆಯದು ಬೇರೆ ಕತೆ. ನನ್ನ ದೊಡ್ಡ ಶತ್ರು ಕಾಡು ಓಟ್ಸ್. ಎಳೆಯದಿದ್ದಾಗ ಬಾರ್ಲಿಯಂತೆಯೇ ಕಾಣುತ್ತದೆ. ಎಲೆ ಕಾಂಡಕ್ಕೆ ಸೇರುವ ಜಾಗ ನೋಡಬೇಕು: ಬಾರ್ಲಿಯಲ್ಲಿ ಎರಡು ಉದ್ದ ಕಿವಿಗಳು ಕಾಂಡವನ್ನು ತಬ್ಬಿಕೊಂಡಿರುತ್ತವೆ, ಕಾಡು ಓಟ್ಸಿಗೆ ಕಿವಿಯೇ ಇಲ್ಲ. ಇದನ್ನು ಕಲಿಯುವ ಮೊದಲು ಕಳೆ ಬಿಟ್ಟು ಬೆಳೆ ಕಿತ್ತವರಲ್ಲಿ ನಾನೂ ಒಬ್ಬ.

ಹೊಲವನ್ನು ಉದ್ದಕ್ಕೆ ಮೂರು ಪಟ್ಟಿ ಮಾಡಿದೆ. ಮೊದಲನೆಯದರಲ್ಲಿ ಭೂಮಿ ಹದ ಮಾಡಿ, ನೀರು ಕೊಟ್ಟು, ಎರಡು ವಾರ ಸುಮ್ಮನೆ ಕಾದೆ. ಕಳೆ ಹಸಿರಾಗಿ ಎದ್ದ ಮೇಲೆ ಮೇಲ್ಮಣ್ಣನ್ನಷ್ಟೇ ಕುಂಟೆ ಹೊಡೆದು ಬಿತ್ತಿದೆ. ಆಳವಾಗಿ ಕೆದಕಿದರೆ ಕೆಳಗಿನ ಬೀಜ ಮೇಲೆ ಬಂದು ಕಾದದ್ದು ದಂಡ. ಎರಡನೆಯದರಲ್ಲಿ ಹೊತ್ತಿಗೆ ಸರಿಯಾಗಿ ಬಿತ್ತಿ, ಬೀಜ ಸ್ವಲ್ಪ ಹೆಚ್ಚು ಹಾಕಿ, ಸಾಲಿನ ಅಂತರ 22ರಿಂದ 15 ಸೆಂಟಿಮೀಟರಿಗೆ ಇಳಿಸಿ, ಒಮ್ಮೆ ಕೈಯಿಂದ ಕಳೆ ತೆಗೆದೆ. ಮೂರನೆಯದಕ್ಕೆ ಪಿನಾಕ್ಸಡೆನ್ ಕಳೆನಾಶಕ.

ಕಳೆನಾಶಕದ ಬಗ್ಗೆ ಒಂದು ಎಚ್ಚರಿಕೆ. ಗೋಧಿಗೆ ಹೊಡೆಯುವುದೆಲ್ಲ ಬಾರ್ಲಿಗೆ ಆಗದು. ಸಲ್ಫೋಸಲ್ಫ್ಯುರಾನ್ ಗೋಧಿಗೆ ಸರಿ, ಬಾರ್ಲಿಯನ್ನು ಸುಡುತ್ತದೆ. ಪಿನಾಕ್ಸಡೆನ್ ಎರಡಕ್ಕೂ ನಡೆಯುತ್ತದೆ, ಆದರೆ ಹುಲ್ಲು ಜಾತಿಯ ಕಳೆಗೆ ಮಾತ್ರ. ಅಗಲ ಎಲೆಯವು ಹಾಗೇ ನಗುತ್ತ ನಿಂತಿದ್ದವು.

ಮೊದಲ ಪಟ್ಟಿ ನೋಡಲು ಎಲ್ಲಕ್ಕಿಂತ ಚೊಕ್ಕಟ. ಮೊದಲ ತಿಂಗಳಿಡೀ ಅದನ್ನೇ ತೋರಿಸಿಕೊಂಡು ಓಡಾಡಿದೆ. ಆದರೆ ಕಾದ ಎರಡು ವಾರದ ಬೆಲೆ ಆಮೇಲೆ ತೆರಬೇಕಾಯಿತು. ಬುಡದಿಂದ ತೆಂಡೆ (ಮರಿಕಡ್ಡಿ) ಕಡಿಮೆ ಒಡೆಯಿತು. ಗಿಡಹೇನು ಬಂದಾಗ ಉಳಿದೆರಡು ಪಟ್ಟಿ ಬಲಿತಿದ್ದವು, ಇದು ಇನ್ನೂ ಎಳೆಯದು. ಹೇನುಗಳು ಸುಳಿಯೊಳಗೆ ಕಿಕ್ಕಿರಿದವು. ಗಿಡಹೇನಿನಲ್ಲಿ ರಸ ಹೀರುವುದಕ್ಕಿಂತ ಅದು ಹೊತ್ತು ತರುವ ಹಳದಿ ಕುಬ್ಜ ವೈರಸ್ ದೊಡ್ಡ ಭಯ. ಎಲೆಯ ತುದಿಯಿಂದ ಹಳದಿಯಾಗುತ್ತ ಗಿಡ ಗಿಡ್ಡವಾಗುತ್ತದೆ, ಅದಕ್ಕೆ ಮದ್ದಿಲ್ಲ. ಎಳೆಯದರಲ್ಲೇ ತಗುಲಿದರೆ ನಷ್ಟ ಹೆಚ್ಚು. ಆ ಪಟ್ಟಿಯ ಒಂದು ಮೂಲೆಯಲ್ಲಿ ಹಳದಿ ಗುಂಪುಗಳು ಕಂಡವು.

ಅರ್ಧ ಪಟ್ಟಿಗೆ ಸೋಪಿನ ನೀರು ಹೊಡೆದೆ. ಸುಳಿಯೊಳಗೆ ಅದು ಇಳಿಯುವುದಿಲ್ಲ, ದಂಡದ ಕೆಲಸ. ಇನ್ನರ್ಧವನ್ನು ಬಿಟ್ಟು ನೋಡಿದೆ. ಹತ್ತು ದಿನದಲ್ಲಿ ಹೇನು ತಿನ್ನುವ ಗುಲಗಂಜಿ ಹುಳು, ಸಿರ್ಫಿಡ್ ನೊಣದ ಮರಿ ಬಂದವು, ಉಬ್ಬಿ ಕಂದು ಬಣ್ಣಕ್ಕೆ ತಿರುಗಿದ ಸತ್ತ ಹೇನುಗಳು ಎಲೆಗೆ ಅಂಟಿದ್ದವು. ಹೇನಿನೊಳಗೆ ಮೊಟ್ಟೆ ಇಡುವ ಪರತಂತ್ರ ಕಣಜದ ಮರಿ ಅಲ್ಲಿ ಬೆಳೆದ ಗುರುತು ಅದು. ಹೇನು ಇಳಿಯಿತು. ವೈರಸ್ ತಗುಲಿದ ಗಿಡಗಳು ಮಾತ್ರ ಚೇತರಿಸಿಕೊಳ್ಳಲಿಲ್ಲ.

ಬೂದಿ ರೋಗ ಬಂದದ್ದು ಎರಡನೆಯ ಪಟ್ಟಿಗೆ, ಅದೂ ಮೇಲುಗೊಬ್ಬರ ಕೈಜಾರಿ ಹೆಚ್ಚು ಬಿದ್ದ ಕಡೆ. ಗಿಡ ದಟ್ಟ, ಸಾರಜನಕ ಹೆಚ್ಚು, ಗಾಳಿ ಕಡಿಮೆ. ಬೂದಿಗೆ ಇನ್ನೇನು ಬೇಕು. ಗೊಬ್ಬರ ಕಂತಿನಲ್ಲಿ ಕೊಟ್ಟ ಭಾಗ ಸುಮಾರಾಗಿ ಪಾರಾಯಿತು. ಹೆಚ್ಚು ಬಿದ್ದ ಕಡೆ ಬೆಳೆ ಕೊನೆಗೆ ನೆಲಕ್ಕೆ ಮಲಗಿಯೂಬಿಟ್ಟಿತು.

ಹಾಗಿದ್ದೂ ಒಟ್ಟಾರೆ ನನಗೆ ಹಿಡಿಸಿದ್ದು ಎರಡನೆಯ ಪಟ್ಟಿಯೇ. ಬಾರ್ಲಿ ಬೇಗ ಎದ್ದು ನೆಲ ಮುಚ್ಚುವ ಬೆಳೆ. ಅದರ ಆ ಗುಣವನ್ನೇ ಕಳೆಯ ಮೇಲೆ ಛೂ ಬಿಟ್ಟಂತಾಯಿತು. ಕಾಡು ಓಟ್ಸ್ ತುಂಬಿ ಕೈಗೆ ಮೀರಿದ ತುಂಡಿಗೆ ಮಾತ್ರ ಕಳೆನಾಶಕ, ಅದೂ ವರ್ಷವರ್ಷ ಒಂದೇ ರೀತಿ ಕೆಲಸ ಮಾಡುವ ಗುಂಪಿನದಲ್ಲ. ಕಾಡು ಓಟ್ಸ್ ಮದ್ದಿಗೆ ಬೇಗ ಒಗ್ಗಿಕೊಳ್ಳುವ ಕಳೆ. ಕಾದು ಬಿತ್ತುವ ಉಪಾಯವನ್ನು ಹಂಗಾಮಿಗೆ ಮುಂಚೆ ಸಮಯ ಮಿಕ್ಕ ವರ್ಷಕ್ಕೆ ಇಟ್ಟುಕೊಂಡಿದ್ದೇನೆ.

ಬೀಜದ ವಿಷಯದಲ್ಲಿ ಎರಡನ್ನೂ ಕೂಡಿಸಿದ್ದೇನೆ. ದೊಡ್ಡ ಹೊಲಕ್ಕೆ ಟೆಬುಕೊನಜೋಲ್. ಮೂಲೆಯಲ್ಲಿ ಗಾಳಿಗೆ ಎದುರಾಗದ ಒಂದು ಸಣ್ಣ ಮಡಿಗೆ ಬಿಸಿನೀರಿನ ಬೀಜ. ಮುಂದಿನ ವರ್ಷದ ಬೀಜ ಅಲ್ಲಿಂದಲೇ. ತೆನೆ ಬರುವ ವಾರ ಬೆಳಗಿನ ಇಬ್ಬನಿ ಆರುವ ಮುಂಚೆ ಕಾಗದದ ಚೀಲ ಹಿಡಿದು ಆ ಮಡಿಯಲ್ಲಿ ಸುತ್ತುತ್ತೇನೆ. ಕರಿ ತೆನೆ ಕಂಡರೆ ಮೊದಲು ಅದರ ಮೇಲೆ ಚೀಲ ಮುಚ್ಚಿ, ಆಮೇಲೆ ಕತ್ತರಿಸಿ, ದೂರ ಒಯ್ದು ಸುಡುತ್ತೇನೆ.